ಹೊಂದಿಕೊಳ್ಳಬೇಕಾದವರು ಯಾರು?

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡ ಸಂಘದ ವೇದಿಕೆಯಿಂದ ಗಡಿ, ನುಡಿ, ನೀರು, ಸಾಹಿತ್ಯ ಇವುಗಳ ಮಾತು ಕೇಳಿಬರುವುದು ವಾಡಿಕೆ. ಇಂದು ನನಗೆ ಒಪ್ಪಿಸಿರುವ ವಿಷಯ ಅಂಗವಿಕಲರ ಉದ್ಯೋಗ. ಇದು ಸರ್ಕಾರಿ ಸುತ್ತೋಲೆಗೆ ಸೇರಿದ ಸಂಗತಿ, ಸಂಘಕ್ಕೆ ಇದರಿಂದೇನು ಎಂದು ಯಾರಿಗಾದರೂ ಅನ್ನಿಸಿದ್ದರೆ ಅದು ಸಹಜ. ಆದರೆ ಈ ಸಭಾಂಗಣದಲ್ಲಿ ಕುಳಿತಿರುವ ಬಹುಮಂದಿಯನ್ನು, ಇಲ್ಲವೇ ಅವರ ತಂದೆ ತಾತಂದಿರನ್ನು, ಊರು ಬಿಡಿಸಿ ಇಲ್ಲಿಗೆ ಕರೆತಂದದ್ದು ಉದ್ಯೋಗವೇ ಅಲ್ಲವೆ? ರೈಲ್ವೆ, ಅಂಚೆ ಕಚೇರಿ, ಬ್ಯಾಂಕು, ಗಿರಣಿ, ಹೋಟೆಲು ಇವುಗಳ ಮೂಲಕವೇ ಅಪರಿಚಿತ ಊರಿನಲ್ಲಿ ನಮಗೊಂದು ವಿಳಾಸ, ಒಂದಿಷ್ಟು ಮರ್ಯಾದೆ ದೊರೆತವು. ಉದ್ಯೋಗವೆಂದರೆ ತಿಂಗಳ ಸಂಬಳವಷ್ಟೇ ಅಲ್ಲ ಎಂಬುದನ್ನು ಹೊರನಾಡ ಕನ್ನಡಿಗನಿಗೆ ಬೇರೆಯವರು ವಿವರಿಸಬೇಕಾಗಿಲ್ಲ. ಆ ಭಾಗ್ಯದಿಂದ ದೂರ ಉಳಿದವರ ಸಂಖ್ಯೆ ಎಷ್ಟೆಂಬುದನ್ನು ಮಾತ್ರ ನಾವು ಲೆಕ್ಕ ಹಾಕಿ ನೋಡಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ. ಅವರಲ್ಲಿ ಯಾವುದಾದರೊಂದು ದುಡಿಮೆಯಲ್ಲಿದ್ದವರು ಶೇಕಡಾ 36 ಮಾತ್ರ. ಪುರುಷರಲ್ಲಿ ಇದು ಶೇಕಡಾ 47, ಸ್ತ್ರೀಯರಲ್ಲಿ ಶೇಕಡಾ 23. ಹೊಲಗೆಲಸ, ಕೂಲಿ, ಮನೆಯ ಚಿಕ್ಕಪುಟ್ಟ ವ್ಯಾಪಾರ ಎಲ್ಲವನ್ನೂ ಸೇರಿಸಿಕೊಂಡ ಲೆಕ್ಕವಿದು. ಕಚೇರಿಯ ಕುರ್ಚಿಯವರೆಗೆ ಬಂದವರ ಪ್ರಮಾಣವನ್ನು ಇದರಿಂದಲೇ ಊಹಿಸಿಕೊಳ್ಳಬಹುದು.

ಮೊದಲಿಗೆ ಹೆಸರಿನ ಪ್ರಶ್ನೆ. ನಮ್ಮ ಬಾಲ್ಯದಲ್ಲಿ ಕುಂಟ, ಕುರುಡ, ಕಿವುಡ ಎಂಬ ಮಾತುಗಳು ವ್ಯಕ್ತಿಯ ಹೆಸರಿನ ಮುಂದೆಯೇ ಸೇರಿಕೊಂಡಿರುತ್ತಿದ್ದವು. ಅನಂತರ 'ಅಂಗವಿಕಲ' ಎಂಬ ಪದ ಬಂದಿತು. ಕರ್ನಾಟಕ ಸರ್ಕಾರ 'ವಿಕಲಚೇತನ' ಎಂಬ ಪದವನ್ನು ಆಯ್ದುಕೊಂಡಿತು. 2015ರ ಬಳಿಕ ಕೇಂದ್ರ ಸರ್ಕಾರದ ವ್ಯವಹಾರದಲ್ಲಿ 'ದಿವ್ಯಾಂಗ' ಎಂಬ ಮಾತು ಬಳಕೆಗೆ ಬಂದಿದೆ. ಆಯ್ದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ಕನ್ನಡ ಬಲ್ಲವರು ಒಂದು ಕ್ಷಣ ಯೋಚಿಸಬೇಕು. ವಿಕಲವಾಗಿರುವುದು ಅಂಗವೋ ಚೇತನವೋ? ಕಾಲಿಲ್ಲದವನ ಚೇತನಕ್ಕೆ ಏನಾಗಿದೆ? ಇನ್ನು 'ದಿವ್ಯ' ಎಂದು ಕರೆಯುವುದರಿಂದ ಮೆಟ್ಟಿಲು ಕರಗಿ ಇಳಿಜಾರಾಗುವುದಿಲ್ಲ. ನಾನು ಹಳೆಯ ಪದವನ್ನೇ ಬಳಸುತ್ತೇನೆ. ಹೆಸರಿಗಿಂತ ವ್ಯವಹಾರ ಬದಲಾಗುವುದು ಮುಖ್ಯ ಎಂಬ ಕಾರಣಕ್ಕೆ.

ವ್ಯವಹಾರದ ಮಾತು ಬಂದಾಗ ಕನ್ನಡ ನಾಡಿನಲ್ಲಿ ಮೊದಲು ನೆನಪಾಗುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ ಹಾಕಿ ಸುಮ್ಮನಾಗಲಿಲ್ಲ. ಗಾಯನ, ಹಾರ್ಮೋನಿಯಂ, ತಬಲಾ, ಪಿಟೀಲು ಕಲಿಸಿ, ತನ್ನ ದುಡಿಮೆಯಿಂದ ತಾನು ಬದುಕುವ ಕಲಾವಿದರನ್ನಾಗಿ, ಸಂಗೀತ ಶಿಕ್ಷಕರನ್ನಾಗಿ ಮಾಡಿ ಹೊರಗೆ ಕಳಿಸಿದರು. ಕಲಿಸುವ ಕ್ರಮವನ್ನು ಕಣ್ಣಿಗೆ ಬದಲಾಗಿ ಕಿವಿಗೂ ಬೆರಳಿಗೂ ಹೊಂದಿಸಿಕೊಂಡದ್ದೇ ಅಲ್ಲಿನ ಯಶಸ್ಸಿನ ಗುಟ್ಟು. ಆದರೆ ಸಮಾಜ ಅದರಿಂದ ಕಲಿತ ಪಾಠ ಬೇರೆಯಾಯಿತು. ಅಂಧನೆಂದರೆ ಸಂಗೀತ ಎಂದು ಅದು ತೀರ್ಮಾನಿಸಿಬಿಟ್ಟಿತು. ಇದೇ ಬಗೆಯ ತೀರ್ಮಾನ ಸರ್ಕಾರಿ ಕಚೇರಿಗಳಲ್ಲೂ ನಡೆಯಿತು. ಅಂಧನಿಗೆ ಕುರ್ಚಿಯ ಬೆತ್ತ ಹೆಣೆಯುವ ಕೆಲಸ, ಸ್ವಲ್ಪ ಓದಿದ್ದರೆ ಟೆಲಿಫೋನ್ ಆಪರೇಟರ್ ಹುದ್ದೆ. ಬೆತ್ತದ ಕುರ್ಚಿಗಳು ಹೋಗಿ ಪ್ಲಾಸ್ಟಿಕ್ ಬಂದಾಗ, ಸ್ವಯಂಚಾಲಿತ ವಿನಿಮಯ ಕೇಂದ್ರಗಳು ಬಂದಾಗ, ಆ ಬಾಗಿಲುಗಳೂ ಮುಚ್ಚಿದವು. ಒಂದು ವೈಕಲ್ಯಕ್ಕೆ ಒಂದು ವೃತ್ತಿ ಎಂದು ಗಂಟು ಹಾಕಿದರೆ, ವೃತ್ತಿ ಅಳಿದ ದಿನ ಮನುಷ್ಯನೂ ಬೀದಿಗೆ ಬೀಳುತ್ತಾನೆ.

ಕಾನೂನಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಂಗವಿಕಲರಿಗೆಂದೇ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ಮುಂಬಯಿಯಲ್ಲಿ 1959ರಲ್ಲಿ ಆರಂಭವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು. ಇಂದು ಅದು 'ಎಪಿಡಿ' ಎಂದು ನಾಡಿಗೆಲ್ಲ ಪರಿಚಿತ. 1977ರಲ್ಲಿ ಕೇಂದ್ರ ಸರ್ಕಾರ ತನ್ನ 'ಸಿ' ಮತ್ತು 'ಡಿ' ವರ್ಗದ ಹುದ್ದೆಗಳಲ್ಲಿ ಶೇಕಡಾ 3ರ ಮೀಸಲಾತಿ ನೀಡಿತು. ಅದು ಆಡಳಿತಾಜ್ಞೆ ಮಾತ್ರವಾಗಿತ್ತು. 1995ರ ಅಧಿನಿಯಮ 1996ರ ಫೆಬ್ರವರಿ 7ರಂದು ಜಾರಿಗೆ ಬಂದಾಗ ಅದು ಶಾಸನದ ಹಕ್ಕಾಯಿತು. 2016ರ ಹೊಸ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಗುರುತಿಸಲ್ಪಟ್ಟ ವೈಕಲ್ಯಗಳು 21ಕ್ಕೆ ಏರಿದವು. ಮೀಸಲಾತಿ ಶೇಕಡಾ 4 ಆಯಿತು. ದೃಷ್ಟಿ, ಶ್ರವಣ, ಚಲನೆ ಇವುಗಳಿಗೆ ತಲಾ ಒಂದು. ನಾಲ್ಕನೆಯ ಒಂದು ಭಾಗ ಸ್ವಲೀನತೆ, ಬೌದ್ಧಿಕ ವೈಕಲ್ಯ, ಕಲಿಕೆಯ ತೊಡಕು, ಮಾನಸಿಕ ಅಸ್ವಾಸ್ಥ್ಯ ಹಾಗೂ ಬಹುವಿಧ ವೈಕಲ್ಯವುಳ್ಳವರಿಗೆ.

ಈ ಹಕ್ಕುಗಳು ಕಾಗದದಿಂದ ಕಚೇರಿಗೆ ಇಳಿಯಲು ಪ್ರತಿಯೊಂದು ಮೆಟ್ಟಿಲಲ್ಲೂ ನ್ಯಾಯಾಲಯದ ಬಾಗಿಲು ಬಡಿಯಬೇಕಾಯಿತು. 'ಯಾವ ಹುದ್ದೆ ಸೂಕ್ತವೆಂದು ಇನ್ನೂ ಗುರುತಿಸಿಲ್ಲ' ಎಂಬ ನೆಪ ಬಹುಕಾಲ ನಡೆಯಿತು. ನಾಗರಿಕ ಸೇವಾ ಪರೀಕ್ಷೆಯಲ್ಲಿ ಉತ್ತೀರ್ಣರಾದ ಅಂಧ ಅಭ್ಯರ್ಥಿ ರವಿಪ್ರಕಾಶ್ ಗುಪ್ತಾ ಅವರ ಪ್ರಕರಣದಲ್ಲಿ, ಹುದ್ದೆ ಗುರುತಿಸುವ ಕೆಲಸ ವಿಳಂಬವಾಯಿತೆಂದು ಹಕ್ಕನ್ನು ತಡೆಹಿಡಿಯಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿತು. ಶೇಕಡಾ 3ನ್ನು ಗುರುತಿಸಿದ ಹುದ್ದೆಗಳ ಮೇಲಲ್ಲ, ಒಟ್ಟು ಖಾಲಿ ಹುದ್ದೆಗಳ ಮೇಲೆ ಲೆಕ್ಕ ಹಾಕಬೇಕೆಂದು 2013ರಲ್ಲಿ ತೀರ್ಪು ಬಂದಿತು. ಬಡ್ತಿಯಲ್ಲಿಯೂ ಈ ಮೀಸಲಾತಿ ಸಲ್ಲುತ್ತದೆಂಬ ನಿಲುವನ್ನು 2020ರ ಜನವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು ಸಿದ್ದರಾಜು ಎಂಬ ಕನ್ನಡಿಗರು ಕರ್ನಾಟಕ ಸರ್ಕಾರದ ವಿರುದ್ಧ ನಡೆಸಿದ ಮೊಕದ್ದಮೆಯಲ್ಲಿ. ದೃಷ್ಟಿಹೀನರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದು ಎಂಬ ತೀರ್ಪು ಬಂದದ್ದು 2025ರ ಮಾರ್ಚಿನಲ್ಲಿ. ಒಂದೊಂದು ಬಾಗಿಲಿಗೂ ಒಂದೊಂದು ಮೊಕದ್ದಮೆ.

ಇಷ್ಟೆಲ್ಲದರ ಫಲವಾಗಿ ಅಂಗವಿಕಲ ಅಭ್ಯರ್ಥಿ ಕೈಯಲ್ಲಿ ನೇಮಕಾತಿ ಪತ್ರ ಹಿಡಿದು ಕಚೇರಿಯ ಹೊಸ್ತಿಲಿಗೆ ಬಂದ ಎಂದಿಟ್ಟುಕೊಳ್ಳೋಣ. ನನ್ನ ಮಾತಿನ ಮುಖ್ಯ ಭಾಗ ಅಲ್ಲಿಂದ ಮುಂದಿನದು. ಮೀಸಲಾತಿ ಆತನನ್ನು ಹೊಸ್ತಿಲವರೆಗೆ ತಂದು ಬಿಡುತ್ತದೆ. ಒಳಗೆ ಏನು ನಡೆಯುತ್ತದೆಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳುವುದಿಲ್ಲ. ಎಷ್ಟು ಹುದ್ದೆ ತುಂಬಿದೆ ಎಂಬ ಕಲಂ ಇರುತ್ತದೆ. ತುಂಬಿದವರಿಗೆ ಕೆಲಸ ಕೊಟ್ಟಿದ್ದೀರಾ ಎಂಬ ಕಲಂ ಇರುವುದಿಲ್ಲ.

ನಾನು ಕಂಡ ಒಂದು ಕಚೇರಿಯಲ್ಲಿ ವಿಜಯಪುರದ ಕಡೆಯ ಅಂಧ ಗುಮಾಸ್ತರೊಬ್ಬರಿದ್ದರು. ಪದವೀಧರರು, ಕಂಪ್ಯೂಟರಿನಲ್ಲಿ ನನಗಿಂತ ವೇಗವಾಗಿ ಬೆರಳಾಡಿಸಬಲ್ಲವರು. ಅವರು ಸೇರಿದ ದಿನವೇ ಮೇಲಧಿಕಾರಿಗಳು ಬಹಳ ಕರುಣೆಯಿಂದ, 'ನೀವು ಬನ್ನಿ, ಹಾಜರಿ ಹಾಕಿ, ಕುಳಿತಿರಿ. ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ' ಎಂದರಂತೆ. ಹೀಗೆ ಕುಳಿತು ಎರಡು ವರ್ಷವಾಗಿತ್ತು. ಕನ್ನಡದವನೆಂದು ತಿಳಿದು ಅವರು ನನ್ನೊಡನೆ ಮನಸ್ಸು ಬಿಚ್ಚಿದರು. "ಸರ, ಮನ್ಯಾಗ ಮಗಳು ಕೇಳ್ತಾಳ, ಅಪ್ಪಾ ನೀ ಆಫೀಸ್‌ನ್ಯಾಗ ಏನ್ ಕೆಲಸಾ ಮಾಡ್ತಿ ಅಂತ. ನಾ ಏನಂತ ಹೇಳ್ಲಿ?" ಎಂದರು.

ಆ ಅಧಿಕಾರಿಗಳು ಕೆಟ್ಟವರಾಗಿರಲಿಲ್ಲ. ಅವರು ಬೈಯಲಿಲ್ಲ, ಸಂಬಳ ತಡೆಯಲಿಲ್ಲ, ರಜೆ ನಿರಾಕರಿಸಲಿಲ್ಲ. ಕೆಲಸವನ್ನು ಮಾತ್ರ ಕೊಡಲಿಲ್ಲ. ಈ ಬಗೆಯ ದಯೆಯ ವಿರುದ್ಧ ದೂರು ಕೊಡುವುದು ಕಷ್ಟ, ಕೊಟ್ಟರೆ ಕೃತಘ್ನನೆನ್ನುತ್ತಾರೆ. ಆದರೆ ಐದಾರು ವರ್ಷ ಹೀಗೆ ಕುಳಿತವನ ಗೌಪ್ಯ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ಬಡ್ತಿಯ ಹೊತ್ತಿಗೆ ಅನುಭವವಿಲ್ಲ ಎನ್ನುತ್ತಾರೆ. ಮುಂದಿನ ನೇಮಕಾತಿಯ ಸಂದರ್ಭದಲ್ಲಿ, 'ಹಿಂದೆ ಒಬ್ಬರಿದ್ದರು, ಅವರಿಂದ ಏನೂ ಕೆಲಸವಾಗಲಿಲ್ಲ' ಎಂದು ಅವರನ್ನೇ ಉದಾಹರಿಸುತ್ತಾರೆ. ಕರುಣೆಯಿಂದ ಹೊರಟ ದಾರಿ ಹೀಗೆ ಸುತ್ತಿ ಬಳಸಿ ತಿರಸ್ಕಾರದ ಊರಿಗೇ ತಲುಪುತ್ತದೆ.

ಆ ಗುಮಾಸ್ತರ ವಿಷಯದಲ್ಲಿ ಆಮೇಲೆ ಆದದ್ದು ದೊಡ್ಡ ಕ್ರಾಂತಿಯೇನಲ್ಲ. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಅವರ ಕಂಪ್ಯೂಟರಿಗೆ ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಸಿದರು. ಎನ್‌ವಿಡಿಎ ಎಂಬ ಆ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಒಂದು ಹೆಡ್‌ಫೋನ್ ಕೊಂಡರು. ಕಾಗದಗಳನ್ನು ಚಿತ್ರದಂತೆ ಸ್ಕ್ಯಾನ್ ಮಾಡಿ ಕಳಿಸದೆ ಪಠ್ಯರೂಪದಲ್ಲಿ ಕಳಿಸಬೇಕೆಂದು ಶಾಖೆಗೆ ಒಂದು ಟಿಪ್ಪಣಿ ಹೊರಡಿಸಿದರು. ಪಿಂಚಣಿದಾರರ ದೂರುಗಳಿಗೆ ಉತ್ತರ ಸಿದ್ಧಪಡಿಸುವ ಕೆಲಸವನ್ನು ಅವರಿಗೆ ವಹಿಸಿದರು. ಕಚೇರಿಗೆ ತಗುಲಿದ ವೆಚ್ಚ ಹೆಡ್‌ಫೋನಿನದು ಮಾತ್ರ.

ಇದಕ್ಕೆ ಕಾನೂನಿನಲ್ಲಿ 'ರೀಸನಬಲ್ ಅಕಾಮಡೇಶನ್' ಎಂದು ಹೆಸರು. ಸಮಂಜಸ ಹೊಂದಾಣಿಕೆ ಎನ್ನೋಣ. ಅಂಗವಿಕಲ ವ್ಯಕ್ತಿ ಇತರರಿಗೆ ಸಮನಾಗಿ ತನ್ನ ಹಕ್ಕನ್ನು ಅನುಭವಿಸಲು ಬೇಕಾದ ಮಾರ್ಪಾಡನ್ನು, ಸಂಸ್ಥೆಗೆ ಅತಿಯಾದ ಹೊರೆಯಾಗದಂತೆ ಮಾಡಿಕೊಡುವುದು ಎಂಬುದು ಅದರ ತಾತ್ಪರ್ಯ. 2016ರ ಅಧಿನಿಯಮದ 20ನೆಯ ಪ್ರಕರಣ ಇದನ್ನು ಸರ್ಕಾರಿ ಸಂಸ್ಥೆಗಳ ಕರ್ತವ್ಯವನ್ನಾಗಿಸಿದೆ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬರೆಯಲು ಕೈ ಸೆಳೆತ ಬರುವ ಆ ಅಭ್ಯರ್ಥಿಗೆ ಮೀಸಲಾತಿಗೆ ಬೇಕಾದ ಶೇಕಡಾ 40ರ ವೈಕಲ್ಯ ಪ್ರಮಾಣವಿರಲಿಲ್ಲ. ಆದರೂ ಬರೆದುಕೊಡುವ ಸಹಾಯಕನನ್ನು ಪಡೆಯುವ ಹಕ್ಕು ಆತನಿಗಿದೆ ಎಂದು ತೀರ್ಪು ಬಂದಿತು. ಮೀಸಲಾತಿಗೆ 40ರ ಗಡಿಯುಂಟು, ಹೊಂದಾಣಿಕೆಗೆ ಆ ಗಡಿ ಇಲ್ಲ ಎಂಬ ಈ ಅಂಶ ಎಷ್ಟೋ ಆಡಳಿತ ಶಾಖೆಗಳಿಗೆ ಇಂದಿಗೂ ತಿಳಿದಂತಿಲ್ಲ.

ಹೊಂದಾಣಿಕೆ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬುದು ನಮ್ಮ ನುಡಿಮುತ್ತೇ ಆಗಿಹೋಗಿದೆ. ಹೊರನಾಡಿಗೆ ಬಂದ ನಾವು ಮರಾಠಿಗೋ ತಮಿಳಿಗೋ ತೆಲುಗಿಗೋ ಹಿಂದಿಗೋ ಹೊಂದಿಕೊಂಡೆವು, ಇಲ್ಲಿನ ಊಟಕ್ಕೂ ಲೋಕಲ್ ರೈಲಿಗೂ ಹೊಂದಿಕೊಂಡೆವು. ಕಲಿತರೆ ಬರುವಂಥವು ಅವು. ಆದರೆ ಗಾಲಿಕುರ್ಚಿಯಲ್ಲಿ ಕುಳಿತವರು ಎಷ್ಟು ಕಲಿತರೂ ಮೆಟ್ಟಿಲಿಗೆ ಹೊಂದಿಕೊಳ್ಳಲಾರರು. ಅಲ್ಲಿ ಹೊಂದಿಕೊಳ್ಳಬೇಕಾದುದು ಮೆಟ್ಟಿಲು, ಬಾಗಿಲು, ಗಡಿಯಾರ, ಕಡತ ಮತ್ತು ಮೇಲಧಿಕಾರಿ. ಇಷ್ಟು ದಿನ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ನಾವು ಹೇಳಿದ್ದು ತಪ್ಪು ವಿಳಾಸಕ್ಕೆ.

ಯಾವ ವೈಕಲ್ಯಕ್ಕೆ ಏನು ಬೇಕು ಎಂಬುದಕ್ಕೆ ದೊಡ್ಡ ಗ್ರಂಥ ಬೇಕಾಗಿಲ್ಲ. ಆ ವ್ಯಕ್ತಿಯನ್ನೇ ಕೇಳಿದರೆ ಸಾಕು. ಚಲನೆಯ ತೊಂದರೆಯಿದ್ದವರಿಗೆ ನೆಲಮಹಡಿಯ ಕೊಠಡಿ, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು, ಗಾಲಿಕುರ್ಚಿ ತಿರುಗುವಷ್ಟು ಅಗಲದ ಶೌಚಾಲಯ. ಹಾಜರಿಯ ಯಂತ್ರವನ್ನು ಗೋಡೆಯ ಮೇಲೆ ಒಂದಡಿ ಕೆಳಗೆ ಕೂರಿಸಿದರೆ ದಿನವೂ ಇನ್ನೊಬ್ಬರನ್ನು ಬೇಡುವ ಕಷ್ಟ ತಪ್ಪುತ್ತದೆ. ಶ್ರವಣದೋಷವಿರುವವರಿಗೆ ಸಭೆಯ ವಿಷಯಪಟ್ಟಿಯನ್ನು ಮೊದಲೇ ಬರಹದಲ್ಲಿ ಕೊಡುವುದು, ಅವರ ಮುಖ ನೋಡಿ ಮಾತನಾಡುವುದು, ದೂರವಾಣಿಯ ಕೆಲಸವನ್ನು ಮತ್ತೊಬ್ಬರ ಬರಹದ ಕೆಲಸದೊಂದಿಗೆ ಅದಲುಬದಲು ಮಾಡುವುದು, ಬೆಂಕಿಯ ಗಂಟೆಯ ಜೊತೆಗೊಂದು ಮಿನುಗುವ ದೀಪ. ಮಾನಸಿಕ ಅಸ್ವಾಸ್ಥ್ಯಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಬೆಳಗಿನ ಒಂದು ಗಂಟೆಯ ಸಡಿಲಿಕೆ ಮತ್ತು ಸಹೋದ್ಯೋಗಿಗಳ ಬಾಯಿಯ ಹಿಡಿತ. ಇವುಗಳಲ್ಲಿ ಬಹುಪಾಲಿಗೆ ಹಣಕಾಸು ಶಾಖೆಯ ಒಪ್ಪಿಗೆಯೇ ಬೇಡ.

ಕನ್ನಡಕ್ಕೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಕರ್ನಾಟಕದ ಕಚೇರಿಗಳಲ್ಲಿ, ಪತ್ರಿಕಾಲಯಗಳಲ್ಲಿ, ಮುದ್ರಣಾಲಯಗಳಲ್ಲಿ ದಶಕಗಳಿಂದ ಹಳೆಯ ನುಡಿ, ಬರಹ ಮೊದಲಾದ ಫಾಂಟುಗಳಲ್ಲಿ ಕನ್ನಡ ಟೈಪಾಗುತ್ತ ಬಂದಿದೆ. ಆ ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅಂಧ ನೌಕರ ಅದನ್ನು ತೆರೆದಾಗ ಓದುವ ತಂತ್ರಾಂಶ ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತದೆ. ಅದೇ ಪತ್ರ ಯೂನಿಕೋಡಿನಲ್ಲಿದ್ದರೆ ಅದು ಕನ್ನಡವನ್ನು ಕನ್ನಡವಾಗಿಯೇ ಓದುತ್ತದೆ. ಹಳೆಯ ಪುಸ್ತಕಗಳ ಮಟ್ಟಿಗೆ, ಮುದ್ರಿತ ಕನ್ನಡ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದೆ. ಕನ್ನಡದಲ್ಲಿ ಆಡಳಿತ ನಡೆಯಬೇಕೆಂದು ನಾವು ಆಗ್ರಹಿಸುತ್ತೇವೆ. ಆ ಕನ್ನಡ ಅಂಧ ಕನ್ನಡಿಗನಿಗೂ ಕೇಳಿಸಬೇಕು ಎಂಬುದನ್ನೂ ಆ ಆಗ್ರಹದಲ್ಲಿ ಸೇರಿಸಬೇಕು.

ಇನ್ನು, 'ಅವರು' ಎಂದು ನಾನು ಇಷ್ಟು ಹೊತ್ತು ಹೇಳುತ್ತಿರುವ ಮಾತನ್ನು 'ನಾವು' ಎಂದು ತಿದ್ದಿಕೊಳ್ಳಬೇಕಾದ ಒಂದು ಘಟ್ಟವಿದೆ. ಐವತ್ತು ದಾಟಿದ ನನ್ನ ವಯಸ್ಸಿನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಬಹುದು, ಪಾರ್ಶ್ವವಾಯು ಬಡಿಯಬಹುದು, ಲೋಕಲ್ ರೈಲಿನ ಬಾಗಿಲಿನಿಂದ ಕಾಲು ಜಾರಬಹುದು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ; ಆ ಹುದ್ದೆ ಅಸಾಧ್ಯವಾದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು; ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. ಇದು 1995ರ ಅಧಿನಿಯಮದ 47ನೆಯ ಪ್ರಕರಣದಲ್ಲಿತ್ತು, ಇಂದು 20ನೆಯ ಪ್ರಕರಣದಲ್ಲಿದೆ. ಕಾಲು ಕಳೆದುಕೊಂಡ ಅರೆಸೇನಾ ಪಡೆಯ ಪೇದೆ ಕುನಾಲ್ ಸಿಂಗ್ ಅವರನ್ನು ಅಶಕ್ತರೆಂದು ಮನೆಗೆ ಕಳಿಸಲಾಗಿತ್ತು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ರಕ್ಷಣೆ ಅವರಿಗೂ ಸಲ್ಲುತ್ತದೆಂದಿತು. ಇದನ್ನು ತಿಳಿಯದೆ, ಹೆದರಿ, 'ಸ್ವಯಂ ನಿವೃತ್ತಿ' ಬರೆದುಕೊಟ್ಟು ಹೋದವರನ್ನು ನಾನು ಬಲ್ಲೆ. ಕಣ್ಣು ಮಂಜಾದುದನ್ನು, ಕಿವಿ ಮಂದವಾದುದನ್ನು ಮುಚ್ಚಿಟ್ಟು ದಿನದೂಡುವವರನ್ನೂ ಬಲ್ಲೆ.

ಹೊರನಾಡಿಗರಾದ ನಮಗೆ ಮುಖ್ಯವಾದ ಎರಡು ಸಂಗತಿಗಳಿವೆ. ಮೊದಲನೆಯದು ಪ್ರಮಾಣಪತ್ರ. 'ಊರಿಗೆ ಹೋಗಿ ಜಿಲ್ಲಾಸ್ಪತ್ರೆಯಲ್ಲೇ ಮಾಡಿಸಬೇಕು' ಎಂಬ ನಂಬಿಕೆಯಿಂದ ರೈಲು ಹತ್ತಿದ ಕುಟುಂಬಗಳಿವೆ. ನಾವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು; ಹಾಗೆ ಪಡೆದ ಪ್ರಮಾಣಪತ್ರ ದೇಶಾದ್ಯಂತ ಸಿಂಧುವೆಂದು 58ನೆಯ ಪ್ರಕರಣ ಹೇಳುತ್ತದೆ. ಸುಳ್ಳು ಪ್ರಮಾಣಪತ್ರದ ಪ್ರಕರಣಗಳು ಆಗಾಗ ಸುದ್ದಿಯಾಗುತ್ತವೆ. ವಂಚಕರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ ವಿಧಿಸಲು ಕಾನೂನಿದೆ. ಆ ನೆಪದಿಂದ ನಿಜವಾದವರನ್ನೆಲ್ಲ ಅನುಮಾನದಿಂದ ನೋಡುವುದು ನ್ಯಾಯವಲ್ಲ. ಎರಡನೆಯದು ವರ್ಗಾವಣೆ. ಅಂಗವಿಕಲ ಮಗುವಿನ ಆರೈಕೆಯ ಮುಖ್ಯ ಹೊಣೆ ಹೊತ್ತ ಕೇಂದ್ರ ಸರ್ಕಾರಿ ನೌಕರರಿಗೆ ಸರದಿ ವರ್ಗಾವಣೆಯಿಂದ ವಿನಾಯಿತಿ ನೀಡಲು ಆಜ್ಞೆಯಿದೆ. ಆಡಳಿತದ ಅಡ್ಡಿಗಳಿಗೆ ಅದು ಒಳಪಟ್ಟಿದೆ, ನಿಜ. ಆದರೂ ಕೇಳುವುದು ನಮ್ಮ ಹಕ್ಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೊಂದು ಭಾಷೆ, ಚಿಕಿತ್ಸಕರಲ್ಲಿ ಮತ್ತೊಂದು ಭಾಷೆ ಎಂದು ಈಗಾಗಲೇ ಸೆಣಸುತ್ತಿರುವ ಮಗುವನ್ನು ಮೂರು ವರ್ಷಕ್ಕೊಮ್ಮೆ ಕಿತ್ತು ನೆಡುವುದು ಎಂಥ ಕ್ಲೇಶವೆಂದು ಇಲ್ಲಿರುವ ಕೆಲವು ತಾಯಂದಿರಿಗೆ ಗೊತ್ತು.

ನಮ್ಮಲ್ಲಿ ಉದ್ಯಮಿಗಳೂ ಹೋಟೆಲು ನಡೆಸುವವರೂ ಇದ್ದಾರೆ. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯವಿಲ್ಲ. ಆದರೆ 20 ಅಥವಾ ಹೆಚ್ಚು ಉದ್ಯೋಗಿಗಳಿರುವ ಖಾಸಗಿ ಸಂಸ್ಥೆ, ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳು, ಆಯ್ಕೆಯ ಕ್ರಮ, ಒದಗಿಸುವ ಸೌಕರ್ಯ ಇವುಗಳನ್ನು ತಿಳಿಸುವ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು 2017ರ ನಿಯಮಗಳು ಹೇಳುತ್ತವೆ. ಮಾಡಿ ತೋರಿಸಿದವರೂ ಇದ್ದಾರೆ. ಹೊಸೂರಿನ ಟೈಟನ್ ಗಡಿಯಾರ ಕಾರ್ಖಾನೆ ಮೊದಲಿನಿಂದಲೂ ಅಂಗವಿಕಲರನ್ನು ನೇಮಿಸಿಕೊಳ್ಳುತ್ತ ಬಂದಿದೆ. ಬೆಂಗಳೂರಿನಲ್ಲಿ 2006ರಲ್ಲಿ ಪವಿತ್ರಾ ವೈ. ಎಸ್. ಮತ್ತು ಅಶೋಕ್ ಗಿರಿ ಆರಂಭಿಸಿದ ವಿಂಧ್ಯಾ ಇ-ಇನ್ಫೋಮೀಡಿಯಾ ಸಂಸ್ಥೆ ಅಂಗವಿಕಲ ಉದ್ಯೋಗಿಗಳ ದುಡಿಮೆಯ ಮೇಲೆಯೇ ಬೆಳೆದು ನಿಂತಿತು. ಇವು ಧರ್ಮಛತ್ರಗಳಲ್ಲ, ಲಾಭನಷ್ಟದ ಲೆಕ್ಕವಿಟ್ಟ ಉದ್ಯಮಗಳು.

ಕೊನೆಯದಾಗಿ ನಮ್ಮ ಸಂಘಕ್ಕೆ ಮೂರು ಬಿನ್ನಹಗಳು. ಈ ಸಭಾಂಗಣ ಮೊದಲ ಮಹಡಿಯಲ್ಲಿದೆ. ಬರುವಾಗ ಎಣಿಸಿದೆ, ಇಪ್ಪತ್ತೆರಡು ಮೆಟ್ಟಿಲು. ಮೇಲೆತ್ತುವ ಯಂತ್ರಕ್ಕೆ ಹಣ ಕೂಡುವವರೆಗೆ, ಕನಿಷ್ಠ ರಾಜ್ಯೋತ್ಸವವನ್ನಾದರೂ ನೆಲಮಹಡಿಯ ಅಂಗಳದಲ್ಲಿ ನಡೆಸೋಣ. ಎರಡನೆಯದು, ನಮ್ಮ ಈ ತ್ರೈಮಾಸಿಕದ ಯೂನಿಕೋಡ್ ಪಠ್ಯವನ್ನು ಕೇಳಿದ ಅಂಧ ಓದುಗರಿಗೆ ಉಚಿತವಾಗಿ ಕಳಿಸುವ ಏರ್ಪಾಡನ್ನು ಸಂಪಾದಕರು ಮಾಡಲಿ. ಮೂರನೆಯದು, ತಿಂಗಳಿಗೊಂದು ಭಾನುವಾರ ಸೇವೆಯಲ್ಲಿರುವ ಮತ್ತು ನಿವೃತ್ತರಾದ ಅಧಿಕಾರಿಗಳು ಇಲ್ಲಿ ಕುಳಿತು, ಪ್ರಮಾಣಪತ್ರ, ನೇಮಕಾತಿ, ವರ್ಗಾವಣೆಗಳ ಅರ್ಜಿಯನ್ನು ಬರೆದುಕೊಡಲಿ. ಆ ಮೇಜಿನ ಒಂದು ಕುರ್ಚಿ ನನ್ನದು.

ಅಂಗವಿಕಲ ಸಹೋದ್ಯೋಗಿಗೆ ನಾವು ಕೊಡಬಹುದಾದ ದೊಡ್ಡ ಗೌರವವೆಂದರೆ ಕೆಲಸ ಕೊಡುವುದು, ಮಾಡಲು ಅನುವು ಮಾಡಿಕೊಡುವುದು, ಮಾಡದಿದ್ದರೆ ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳುವುದು. ಅದಕ್ಕಿಂತ ಹೆಚ್ಚಿನದನ್ನು ಅವರು ಬಯಸಿಲ್ಲ; ಅದಕ್ಕಿಂತ ಕಡಿಮೆಯದನ್ನು ಕೊಡುವ ಅಧಿಕಾರ ನಮಗಿಲ್ಲ.